ಚಳಿ ನಾಡಿನ ಅಂಗಳದಲ್ಲಿ ಬಣ್ಣದ ಕೋನ್‌ಫ್ಲವರ್: ಗಿಡ್ಡ ತಳಿಗಳನ್ನು ನೆಟ್ಟು ಉಳಿಸಿಕೊಳ್ಳುವ ಬಗೆ

ವರಮಹಾಲಕ್ಷ್ಮಿ ಹಬ್ಬ ಹೆಚ್ಚಾಗಿ ಆಗಸ್ಟ್‌ನಲ್ಲಿ ಬರುತ್ತದೆ. ಊರಲ್ಲಾದರೆ ಹಿಂದಿನ ಸಂಜೆ ಮಾರ್ಕೆಟ್‌ಗೆ ಹೋಗಿ ಮಾರುಗಟ್ಟಲೆ ಸೇವಂತಿಗೆ ತರಬಹುದು. ಇಲ್ಲಿ ಶಿಕಾಗೋ ಕಡೆ ಅಂಗಡಿಗಳಿಗೆ ಸೇವಂತಿಗೆ ಕುಂಡ ಬರುವುದು ಬೇಸಿಗೆ ಮುಗಿಯುತ್ತಾ ಬಂದಾಗ. ಅದಕ್ಕೂ ಮುಂಚೆ, ಹಬ್ಬದ ಹೊತ್ತಿಗೆ ಸರಿಯಾಗಿ, ಮನೆ ಮುಂದೆ ತುಂಬಿ ಅರಳುವ ಹೂವು ಕೋನ್‌ಫ್ಲವರ್. ಕಿತ್ತಳೆ, ಹಳದಿ, ಕುಂಕುಮದ ಕೆಂಪು, ರಾಣಿ ಬಣ್ಣ, ಹಸಿರು ಸೋಕಿದ ಬಿಳಿ. ಅಮ್ಮ ಬೇಸಿಗೆಗೆ ಬಂದಿದ್ದಾಗ ನೋಡಿ, "ಇದೇನು, ಸೇವಂತಿಗೆ ಜಾತಿಯದ್ದಾ?" ಎಂದು ಕೇಳಿದರು. ಅವರ ಊಹೆ ಸರಿಯೇ ಇತ್ತು. ಸೇವಂತಿಗೆ, ಚೆಂಡು ಹೂವು, ಸೂರ್ಯಕಾಂತಿ, ಕೋನ್‌ಫ್ಲವರ್ ಎಲ್ಲವೂ ಒಂದೇ ಕುಟುಂಬದವು.

ಆದರೆ ಈ ಗಿಡಕ್ಕೆ ಒಂದು ಕೆಟ್ಟ ಹೆಸರಿದೆ. "ಬಣ್ಣದ ಕೋನ್‌ಫ್ಲವರ್ ಒಂದೇ ವರ್ಷ, ಆಮೇಲೆ ಬರಲ್ಲ" ಎಂದು ತುಂಬಾ ಜನ ಹೇಳುತ್ತಾರೆ. ನನ್ನ ಮೊದಲ ಮೂರು ಗಿಡಗಳೂ ಹಾಗೇ ಹೋದವು. ಆಗಸ್ಟ್ ಕೊನೆಯಲ್ಲಿ ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿದ್ದವು. ಮೈತುಂಬ ಹೂವಿತ್ತು. ತಂದು ನೆಟ್ಟೆ, ಅಕ್ಟೋಬರ್ ತನಕ ಚೆನ್ನಾಗಿದ್ದವು. ಮುಂದಿನ ಮೇ ತಿಂಗಳು ಬಂದರೂ ಚಿಗುರಲಿಲ್ಲ. ಅಗೆದು ನೋಡಿದರೆ ಬೇರಿನ ಮುದ್ದೆ ಕುಂಡದ ಆಕಾರದಲ್ಲೇ ಇತ್ತು. ಸುತ್ತಲಿನ ಮಣ್ಣಿಗೆ ಒಂದು ಬೇರೂ ಇಳಿದಿರಲಿಲ್ಲ. ನಡುಭಾಗ ಕಪ್ಪಾಗಿ ಕೊಳೆತಿತ್ತು.

ಅಂದಿನಿಂದ ನೆಡುವ ಕಾಲ, ಮಣ್ಣು, ಮೊದಲ ವರ್ಷದ ಆರೈಕೆ ಮೂರನ್ನೂ ಬದಲಾಯಿಸಿದೆ. ಈಗ ಆರನೇ ಬೇಸಿಗೆ ನೋಡುತ್ತಿರುವ ಗಿಡಗಳಿವೆ. ಇಲಿನಾಯ್, ಮಿಷಿಗನ್, ಒಹಾಯೊ, ನ್ಯೂಜೆರ್ಸಿಯಂಥ ಕಡೆ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಊರುಗಳಲ್ಲಿ ಮನೆ ಮಾಡಿಕೊಂಡಿರುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈ ಬಣ್ಣಗಳು ಬಂದದ್ದು ಎಲ್ಲಿಂದ

ಗಿಡದ ಹುಟ್ಟು ಗೊತ್ತಾದರೆ ಅದಕ್ಕೆ ಏನು ಬೇಕು ಎಂಬುದೂ ಗೊತ್ತಾಗುತ್ತದೆ. ಅದಕ್ಕೇ ಮೊದಲು ಸ್ವಲ್ಪ ಕಥೆ.

ಕೋನ್‌ಫ್ಲವರ್‌ನ ಸಸ್ಯಶಾಸ್ತ್ರದ ಹೆಸರು ಎಕಿನೇಶಿಯಾ. ಗ್ರೀಕ್ ಭಾಷೆಯ ಎಕಿನೋಸ್ ಎಂಬ ಪದದಿಂದ ಬಂದದ್ದು. ಮೈಯೆಲ್ಲ ಮುಳ್ಳಿರುವ ಹೆಜ್‌ಹಾಗ್ ಎಂಬ ಪುಟ್ಟ ಪ್ರಾಣಿಗೆ ಆ ಹೆಸರು. ಹೂವಿನ ನಡುವಿನ ಕೋನ್ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿ, ಆ ಹೆಸರು ಯಾಕೆ ಎಂದು ತಿಳಿಯುತ್ತದೆ. ಇದು ಉತ್ತರ ಅಮೆರಿಕದ ನಡು ಮತ್ತು ಪೂರ್ವ ಭಾಗದ ಹುಲ್ಲುಗಾವಲಿನ ಗಿಡ. ಇಲ್ಲಿನ ಹಳೆಯ ನಿವಾಸಿ ಎಕಿನೇಶಿಯಾ ಪರ್ಪ್ಯೂರಿಯಾ. ಮೂರು ನಾಲ್ಕು ಅಡಿ ಬೆಳೆಯುತ್ತದೆ, ಹೂವು ನೇರಳೆ ಬೆರೆತ ಗುಲಾಬಿ. ಅದರ ಗುಲಾಬಿ ಮತ್ತು ಬಿಳಿ ತಳಿಗಳೇ ಬಹಳ ಕಾಲ ತೋಟಗಳಲ್ಲಿದ್ದವು. ಅಂಥ ಒಂದು ತಳಿ, ಮ್ಯಾಗ್ನಸ್, 1998ರಲ್ಲಿ ಅಮೆರಿಕದ ಪೆರೆನಿಯಲ್ ಪ್ಲಾಂಟ್ ಅಸೋಸಿಯೇಷನ್‌ನಿಂದ ವರ್ಷದ ಗಿಡ ಎಂಬ ಮನ್ನಣೆ ಪಡೆಯಿತು.

ಹಳದಿ ಬಂದದ್ದು ಬೇರೆ ಕಡೆಯಿಂದ. ಮಿಸೌರಿ ಮತ್ತು ಆರ್ಕಾನ್ಸಾದ ಓಝಾರ್ಕ್ ಗುಡ್ಡಗಳಲ್ಲಿ ಎಕಿನೇಶಿಯಾ ಪ್ಯಾರಡಾಕ್ಸಾ ಎಂಬ ಜಾತಿ ಇದೆ. ಅದರ ಅಣ್ಣತಮ್ಮಂದಿರೆಲ್ಲ ಗುಲಾಬಿ, ನೇರಳೆ. ಅದೊಂದು ಮಾತ್ರ ಹಳದಿ. ಆ ವಿಚಿತ್ರಕ್ಕೇ ಆ ಹೆಸರು. ಶಿಕಾಗೋ ಬಟಾನಿಕ್ ಗಾರ್ಡನ್‌ನಲ್ಲಿ ಜಿಮ್ ಆಲ್ಟ್ ಎಂಬ ತಳಿ ವಿಜ್ಞಾನಿ ಗುಲಾಬಿ ಜಾತಿಯ ಗಿಡವನ್ನು ಈ ಹಳದಿ ಜಾತಿಯ ಜೊತೆ ಕೂಡಿಸಿದರು. ಹಾಗೆ ಹುಟ್ಟಿದ್ದು ಆರೆಂಜ್ ಮೆಡೋಬ್ರೈಟ್. ಮಾರುಕಟ್ಟೆಗೆ ಬಂದ ಮೊದಮೊದಲ ಕಿತ್ತಳೆ ಕೋನ್‌ಫ್ಲವರ್‌ಗಳಲ್ಲಿ ಅದೂ ಒಂದು. ಆಮೇಲೆ ಆರಿಗನ್‌ನಲ್ಲಿ, ಜಾರ್ಜಿಯಾದಲ್ಲಿ, ನೆದರ್ಲ್ಯಾಂಡ್ಸ್‌ನಲ್ಲಿ ತಳಿಗಾರರು ಇದೇ ದಾರಿ ಹಿಡಿದರು. ಬಣ್ಣಗಳ ಸುಗ್ಗಿಯೇ ಆಯಿತು.

ಗಿಡ್ಡ ಮೈಕಟ್ಟಿಗೆ ಇನ್ನೊಂದು ಜಾತಿಯೂ ನೆರವಾಯಿತು. ಟೆನೆಸ್ಸೀ ಕೋನ್‌ಫ್ಲವರ್. ನ್ಯಾಶ್‌ವಿಲ್ ಸುತ್ತಲಿನ ಸುಣ್ಣಕಲ್ಲಿನ ಬಯಲುಗಳಲ್ಲಿ ಮಾತ್ರ ಇದ್ದ ಪುಟ್ಟ ಗಿಡ. 1979ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತ್ತು. ದಶಕಗಳ ಕಾಲ ಕಾಪಾಡಿದ ಮೇಲೆ 2011ರಲ್ಲಿ ಆ ಪಟ್ಟಿಯಿಂದ ಹೊರಬಂತು. ಈ ಸುದ್ದಿ ಓದಿದಾಗ ನನಗೆ ನಿಜವಾಗಿ ಖುಷಿಯಾಗಿತ್ತು. ಜಿಮ್ ಆಲ್ಟ್ ಅವರದ್ದೇ ಪಿಕ್ಸಿ ಮೆಡೋಬ್ರೈಟ್ ಎಂಬ ಮೊಣಕಾಲೆತ್ತರದ ತಳಿಯಲ್ಲಿ ಈ ಟೆನೆಸ್ಸೀ ಗಿಡದ ಪಾಲೂ ಇದೆ.

ಈಗ ಗಮನಿಸಿ. ಬಣ್ಣ ಕೊಟ್ಟ ಜಾತಿ, ಎತ್ತರ ತಗ್ಗಿಸಿದ ಜಾತಿ, ಎರಡೂ ಕಲ್ಲು ನೆಲದವು. ನೀರು ನಿಲ್ಲದ ಜಾಗದವು. ನಮ್ಮ ಮನೆಗಳ ಸುತ್ತ ಇರುವುದು ಅಂಟು ಜೇಡಿ. ಹಳೆಯ ಗುಲಾಬಿ ಕೋನ್‌ಫ್ಲವರ್ ಜೇಡಿಯಲ್ಲೂ ಹೇಗೋ ಬದುಕಿಕೊಳ್ಳುತ್ತದೆ. ಅದನ್ನು ನೋಡಿ ಬಣ್ಣದ್ದನ್ನೂ ಅದರ ಪಕ್ಕಕ್ಕೇ ನೆಡುತ್ತೇವೆ. ಗಿಡ ಸಾಯುವುದು ಬರೀ ಚಳಿಗಲ್ಲ. ಚಳಿಯಲ್ಲಿ ಬುಡದ ಸುತ್ತ ನಿಲ್ಲುವ ತೇವಕ್ಕೆ.

ಗಿಡ ಆರಿಸುವುದು

ಗಿಡ್ಡ ತಳಿ ಎಂದರೆ ಒಂದೂವರೆ ಅಡಿಯಿಂದ ಎರಡೂವರೆ ಅಡಿಯೊಳಗೆ ನಿಲ್ಲುವಂಥದ್ದು. ಕಾಂಡ ಗಟ್ಟಿ ಇರುತ್ತದೆ, ಕೋಲು ಕಟ್ಟಬೇಕಿಲ್ಲ. ಬಾಗಿಲ ಮುಂದಿನ ಪುಟ್ಟ ಪಾತಿಗೆ, ಕಾಲುದಾರಿ ಅಂಚಿಗೆ ಇದೇ ಸರಿ. ಮನೆಗಳ ಸಂಘದವರ ಕಟ್ಟುನಿಟ್ಟು ಇರುವ ಬಡಾವಣೆಯಲ್ಲೂ ತಕರಾರು ಬರುವುದಿಲ್ಲ.

ಮೊದಲ ಸಲ ನೆಡುವವರಿಗೆ ನಾನು ಹೇಳುವುದು ಎರಡೇ ಹೆಸರು. ಷಯೆನ್ ಸ್ಪಿರಿಟ್ ಮತ್ತು ಪೌವೌ ವೈಲ್ಡ್ ಬೆರಿ. ಎರಡೂ ಬೀಜದಿಂದ ಬೆಳೆಯುವ ತಳಿಗಳು. ಪೌವೌಗೆ 2010ರಲ್ಲಿ, ಷಯೆನ್ ಸ್ಪಿರಿಟ್‌ಗೆ 2013ರಲ್ಲಿ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂತು. ಷಯೆನ್ ಸ್ಪಿರಿಟ್ ಒಂದೇ ಪೊಟ್ಟಣದಲ್ಲಿ ಕೆಂಪು, ಕಿತ್ತಳೆ, ಹಳದಿ, ಕೆನೆ ಬಿಳಿ, ಗುಲಾಬಿ ಎಲ್ಲ ಬರುತ್ತದೆ. ಯಾವ ಸಸಿಗೆ ಯಾವ ಬಣ್ಣ ಎಂದು ಅರಳುವ ತನಕ ತಿಳಿಯುವುದಿಲ್ಲ. ಬೆಲೆ ಕಡಿಮೆ, ಗಿಡ ಗಟ್ಟಿ. ಕೈ ಪಳಗಲು ಇದಕ್ಕಿಂತ ಒಳ್ಳೆಯದು ಇಲ್ಲ.

ಇಂಥದ್ದೇ ಬಣ್ಣ ಬೇಕು ಎನ್ನುವವರು ಕಿಸ್ಮೆಟ್ ಅಥವಾ ಸಾಂಬ್ರೆರೋ ಸರಣಿ ನೋಡಿ. ಇವು ಹೆಚ್ಚಾಗಿ ಅಂಗಾಂಶ ಕೃಷಿಯಿಂದ, ಅಂದರೆ ತಾಯಿ ಗಿಡದ ಚೂರಿನಿಂದ ಲ್ಯಾಬ್‌ನಲ್ಲಿ ಬೆಳೆಸಿದ ಗಿಡಗಳು, ಹಾಗಾಗಿ ಬಣ್ಣ ಒಂದೇ ಸಮ ಇರುತ್ತದೆ. ಬೆಲೆಯೂ ಜಾಸ್ತಿ. ಕಿಮ್ಸ್ ನೀ ಹೈ ಎಂಬುದು ಹಳೆಯ ಗುಲಾಬಿಯ ಗಿಡ್ಡ ರೂಪ, ಹೆಸರೇ ಹೇಳುವಂತೆ ಮೊಣಕಾಲೆತ್ತರ. ಡೆಲವೇರ್‌ನ ಮೌಂಟ್ ಕ್ಯೂಬಾ ಸೆಂಟರ್ ಎಂಬ ಸಸ್ಯೋದ್ಯಾನದವರು 2018ರಿಂದ 2020ರ ತನಕ ಹತ್ತಾರು ಕೋನ್‌ಫ್ಲವರ್ ತಳಿಗಳನ್ನು ಪಕ್ಕಪಕ್ಕದಲ್ಲಿ ಬೆಳೆಸಿ ನೋಡಿದರು. ಅದರಲ್ಲಿ ಪೀಕಾ ಬೆಲ್ಲಾ ಎಂಬ ಗುಲಾಬಿ ತಳಿ ಮೇಲಿನ ಸಾಲಿನಲ್ಲಿತ್ತು. ಕಿಸ್ಮೆಟ್ ರಾಸ್ಪ್‌ಬೆರಿಯೂ ಚೆನ್ನಾಗಿ ಬಂದಿತ್ತು.

ದುಂಡಗೆ ಪೊಂಪೊಂ ಹಾಗಿರುವ ಡಬಲ್ ಹೂವಿನ ತಳಿಗಳೂ ಇವೆ. ಅಮ್ಮನಿಗೆ ಅವೇ ಇಷ್ಟ, ಥೇಟ್ ಸೇವಂತಿಗೆ. ನಾನು ಒಂದು ಗಿಡ ಮಾತ್ರ ಇಟ್ಟಿದ್ದೇನೆ. ಮಳೆ ನೀರು ತುಂಬಿಕೊಂಡು ತಲೆ ಬಾಗುತ್ತದೆ. ಜೇನುಹುಳಕ್ಕೂ ಅದರಲ್ಲಿ ಹೆಚ್ಚು ಸಿಗುವುದಿಲ್ಲ. ಪಕ್ಕದ ಒಂಟಿ ಸುತ್ತಿನ ಹೂವಿನ ಮೇಲೆ ಐದಾರು ದುಂಬಿ ಕೂತಿರುವಾಗ ಇದರ ಮೇಲೆ ಒಂದೂ ಇರುವುದಿಲ್ಲ. ಚಿಟ್ಟೆ, ದುಂಬಿ ಬರಲಿ ಎಂದು ಗಿಡ ಹಾಕುವವರು ಒಂಟಿ ಸುತ್ತಿನದ್ದನ್ನೇ ತನ್ನಿ.

ನರ್ಸರಿಯಲ್ಲಿ ಹೂವು ನೋಡಬೇಡಿ, ಬುಡ ನೋಡಿ. ಒಂದೇ ಕಾಂಡಕ್ಕಿಂತ ಬುಡದಿಂದ ಮೂರು ನಾಲ್ಕು ಚಿಗುರು ಹೊರಟಿರುವ ಗಿಡ ಮೇಲು. ಸಾಧ್ಯವಾದರೆ ಒಂದು ಗ್ಯಾಲನ್ ಕುಂಡದ್ದು ತನ್ನಿ. ಮೆಲ್ಲಗೆ ಕುಂಡ ಬಗ್ಗಿಸಿ ಬೇರು ನೋಡಿ. ಬಿಳಿ ಬೇರು ಒಳ್ಳೆಯದು. ಕಂದು, ಮೆತ್ತಗಿನ ಬೇರು ಬೇಡ.

ಯಾವಾಗ ನೆಡಬೇಕು

ಶಿಕಾಗೋ ಸುತ್ತಮುತ್ತ ಮೇ ನಡುವಿನ ತನಕ ಮಂಜು ಬೀಳಬಹುದು. ಮೇ ತಿಂಗಳ ಎರಡನೇ ಭಾನುವಾರ ಇಲ್ಲಿ ಅಮ್ಮಂದಿರ ದಿನ. ಅದಾದ ಮೇಲೆ ನೆಡು ಎಂಬುದು ಇಲ್ಲಿನ ತೋಟದವರ ಮಾತು. ಅಲ್ಲಿಂದ ಜೂನ್ ಕೊನೆಯ ತನಕ ಸರಿಯಾದ ಕಾಲ. ಜುಲೈ ಆದರೂ ನಡೆಯುತ್ತದೆ, ನೀರು ಜಾಸ್ತಿ ಹಾಕಬೇಕು ಅಷ್ಟೆ.

ಆಗಸ್ಟ್ ಬಂದ ಮೇಲೆ ಬೇಡ. ಅಂಗಡಿಗಳಲ್ಲಿ ರಿಯಾಯಿತಿ ಬರುವುದೇ ಆಗ, ಹೂವು ಕಣ್ಣು ಸೆಳೆಯುವುದೂ ಆಗ. ಹೂವಿನಲ್ಲಿ ಶಕ್ತಿ ಖರ್ಚು ಮಾಡಿದ ಗಿಡಕ್ಕೆ ಚಳಿ ಬರುವ ಮುಂಚೆ ಬೇರು ಬಿಡಲು ಸಮಯವೇ ಇರುವುದಿಲ್ಲ. ಅಂಥ ಗಿಡ ಈಗಾಗಲೇ ಮನೆಗೆ ಬಂದಿದ್ದರೆ ಹೂವೆಲ್ಲ ಕತ್ತರಿಸಿ ಹೂದಾನಿಗೆ ಹಾಕಿ. ಗಿಡವನ್ನು ಕುಂಡದಲ್ಲೇ ಇಟ್ಟು, ಚಳಿಗಾಲಕ್ಕೆ ಗ್ಯಾರೇಜ್ ಒಳಗೆ ಸೇರಿಸಿ. ಮುಂದಿನ ಮೇನಲ್ಲಿ ನೆಡಿ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಅದಕ್ಕಿಂತ ಕಡಿಮೆಯಾದರೆ ಕಾಂಡ ಉದ್ದುದ್ದ ಎಳೆದುಕೊಂಡು ಬಾಗುತ್ತದೆ, ಗಿಡ್ಡ ತಳಿ ತಂದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಚಳಿಗಾಲದಲ್ಲಿ ಹಿಮ ತಳ್ಳಿ ರಾಶಿ ಹಾಕುವ ಜಾಗ, ಡ್ರೈವ್‌ವೇ ಉಪ್ಪು ಸಿಡಿಯುವ ಅಂಚು, ತಾರಸಿ ನೀರು ಬೀಳುವ ಪೈಪಿನ ಬಾಯಿ, ಈ ಮೂರನ್ನೂ ಬಿಟ್ಟುಬಿಡಿ. ಗುದ್ದಲಿ ಎತ್ತುವ ಮೊದಲು 811ಕ್ಕೆ ಫೋನ್ ಮಾಡಿ. ನೆಲದಡಿಯ ಗ್ಯಾಸ್, ಕರೆಂಟ್ ಲೈನ್ ಎಲ್ಲಿದೆ ಎಂದು ಬಂದು ಗುರುತು ಹಾಕಿ ಹೋಗುತ್ತಾರೆ. ದುಡ್ಡು ಕೊಡಬೇಕಿಲ್ಲ.

ಆಮೇಲೆ ನೀರಿನ ಪರೀಕ್ಷೆ. ಒಂದು ಅಡಿ ಆಳ, ಒಂದು ಅಡಿ ಅಗಲ ಗುಂಡಿ ತೋಡಿ. ನೀರು ತುಂಬಿಸಿ, ಪೂರ್ತಿ ಇಳಿಯಲು ಬಿಡಿ. ಮತ್ತೆ ತುಂಬಿಸಿ. ಈ ಸಲ ಗಂಟೆಗೆ ಎಷ್ಟು ಇಂಚು ಇಳಿಯಿತು ನೋಡಿ. ಒಂದು ಇಂಚು ಅಥವಾ ಹೆಚ್ಚು ಇಳಿದರೆ ಪರವಾಗಿಲ್ಲ. ಅದಕ್ಕಿಂತ ಕಡಿಮೆ ಎಂದರೆ ಅಲ್ಲಿ ನೇರವಾಗಿ ನೆಡಬೇಡಿ.

ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಜೇಡಿಯಲ್ಲಿ ಗುಂಡಿ ತೋಡಿ, ಅದರೊಳಗೆ ಮಾತ್ರ ಚೀಲದ ಒಳ್ಳೆ ಮಣ್ಣು ತುಂಬಿ ಗಿಡ ನೆಡುತ್ತಾರೆ. ಸುತ್ತಲಿನ ಜೇಡಿ ಹಂಡೆಯ ಗೋಡೆಯಂತೆ ನಿಲ್ಲುತ್ತದೆ. ಮಳೆ ಬಂದರೆ ನೀರೆಲ್ಲ ಆ ಹಂಡೆಗೇ ಇಳಿಯುತ್ತದೆ, ಹೊರಗೆ ಹೋಗುವುದಿಲ್ಲ. ಬೇರೂ ಆ ಮೆತ್ತನೆ ಮಣ್ಣು ಬಿಟ್ಟು ಹೊರಗೆ ಹೋಗುವುದಿಲ್ಲ. ಕೆಲವರು ಮರಳು ಬೆರೆಸುತ್ತಾರೆ. ಜೇಡಿಗೆ ಸ್ವಲ್ಪ ಮರಳು ಬಿದ್ದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಅದೂ ಬೇಡ.

ಸರಿಯಾದ ದಾರಿ ಹೀಗೆ. ಒಂದೊಂದು ಗುಂಡಿ ಬಿಟ್ಟು ಇಡೀ ಪಾತಿಯನ್ನೇ ಎಂಟು ಹತ್ತು ಇಂಚು ಅಗೆದು ಸಡಿಲ ಮಾಡಿ. ಮೇಲೆ ಎರಡು ಮೂರು ಇಂಚು ಕಾಂಪೋಸ್ಟ್ ಹರಡಿ ಪೂರ್ತಿ ಬೆರೆಸಿ. ಮಣ್ಣು ಹಸಿಯಾಗಿದ್ದಾಗ ಈ ಕೆಲಸ ಮಾಡಬೇಡಿ, ಹೆಂಟೆ ಕಟ್ಟುತ್ತದೆ. ಬೆರೆಸಿದ ಮೇಲೆ ಪಾತಿಯನ್ನು ಸುತ್ತಲಿನ ನೆಲಕ್ಕಿಂತ ನಾಲ್ಕು ಇಂಚು ಎತ್ತರಿಸಿ ದಿಬ್ಬದ ಹಾಗೆ ಮಾಡಿ. ಊರಲ್ಲಿ ಶುಂಠಿಗೆ ಮಡಿ ಮಾಡುತ್ತಾರಲ್ವಾ, ಅದೇ ಲೆಕ್ಕ. ಆ ನಾಲ್ಕು ಇಂಚಿನ ಎತ್ತರವೇ ನನ್ನ ಗಿಡಗಳನ್ನು ಉಳಿಸಿತು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಸಗಣಿ ಗೊಬ್ಬರ ಜಾಸ್ತಿ ಸುರಿಯುವ ಆಸೆ ಬರುತ್ತದೆ. ತಡೆದುಕೊಳ್ಳಿ. ಇದು ಬಡ ನೆಲದ ಗಿಡ. ಮೇವು ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಕಾಂಡ ಮೆತ್ತಗಾಗುತ್ತದೆ. ವಸಂತದಲ್ಲಿ ಒಂದು ಹಿಡಿ ಕಾಂಪೋಸ್ಟ್ ಹಾಕಿದರೆ ಸಾಕು.

ನೆಡುವ ದಿನ

ಮೋಡದ ದಿನ ಅಥವಾ ಸಂಜೆ ಹೊತ್ತು ಆರಿಸಿ. ಗಿಡವನ್ನು ಕುಂಡದಲ್ಲೇ ಚೆನ್ನಾಗಿ ನೆನೆಸಿ. ಹೊರತೆಗೆದ ಮೇಲೆ ಬೇರಿನ ಮುದ್ದೆಯನ್ನು ಬೆರಳಿಂದ ಬಿಡಿಸಿ. ಸುತ್ತಿಕೊಂಡ ಬೇರು ಬಿಡದಿದ್ದರೆ ಚಾಕುವಿನಿಂದ ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಗೀರಿ. ಕುಂಡದ ಹಗುರ ಮಿಶ್ರಣವನ್ನು ಸ್ವಲ್ಪ ಉದುರಿಸಿ, ಬೇರು ನಿಮ್ಮ ಮಣ್ಣನ್ನೇ ಮುಟ್ಟಲಿ.

ಚಿಗುರು ಹೊರಡುವ ಬುಡ ನೆಲದ ಮಟ್ಟಕ್ಕೆ ಇರಬೇಕು. ಕಾಲು ಇಂಚು ಮೇಲಿದ್ದರೂ ತೊಂದರೆ ಇಲ್ಲ. ಕೆಳಗೆ ಹೂತರೆ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಡಿ. ನೆಟ್ಟ ದಿನ ಖಾಲಿ ಖಾಲಿ ಅನ್ನಿಸುತ್ತದೆ, ಮೂರನೇ ವರ್ಷಕ್ಕೆ ತುಂಬಿಕೊಳ್ಳುತ್ತದೆ. ಗಾಳಿ ಆಡಿದರೆ ಎಲೆಗೆ ಬೂದಿ ರೋಗವೂ ಕಡಿಮೆ.

ನೀರು ಹಾಕಿ ಮಣ್ಣು ಕೂರಿಸಿ. ಮೇಲೆ ಒಂದೆರಡು ಇಂಚು ಮರದ ಚೂರಿನ ಮುಚ್ಚಿಗೆ ಹರಡಿ. ಬುಡದ ಸುತ್ತ ಮೂರು ಇಂಚು ಜಾಗ ಖಾಲಿ ಬಿಡಿ. ಮುಚ್ಚಿಗೆಯನ್ನು ಬುಡಕ್ಕೆ ಗುಡ್ಡೆ ಹಾಕುವ ಅಭ್ಯಾಸ ಇಲ್ಲಿ ಎಲ್ಲ ಕಡೆ ಕಾಣುತ್ತದೆ. ಅದನ್ನು ನೋಡಿ ಕಲಿಯಬೇಡಿ.

ಮೊದಲ ಬೇಸಿಗೆಯ ಹೂವು ಬಿಟ್ಟುಕೊಡಿ

ಈ ಲೇಖನದಲ್ಲಿ ನೀವು ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನೆಟ್ಟ ವರ್ಷ ಒಂದು ಗಿಡಕ್ಕೆ ಒಂದೇ ಹೂವು ಅರಳಲು ಬಿಡಿ. ಬಣ್ಣ ಚೀಟಿಯಲ್ಲಿ ಇದ್ದದ್ದೇನಾ ಎಂದು ನೋಡಲು ಅಷ್ಟು ಸಾಕು. ಉಳಿದ ಮೊಗ್ಗುಗಳನ್ನು ಬಟಾಣಿ ಗಾತ್ರ ಇರುವಾಗಲೇ ಚಿವುಟಿ. ಮೊಗ್ಗು ಮತ್ತೆ ಮತ್ತೆ ಬರುತ್ತದೆ, ವಾರಕ್ಕೊಮ್ಮೆ ನೋಡುತ್ತಿರಿ. ಆಗಸ್ಟ್ ಕೊನೆ ತನಕ ಹೀಗೇ ನಡೆಯಲಿ.

ಯಾಕೆ ಎಂದರೆ, ಕೋನ್‌ಫ್ಲವರ್ ಚಳಿ ದಾಟುವುದು ಬುಡದಲ್ಲಿ ಕೂಡಿಟ್ಟ ಶಕ್ತಿಯಿಂದ. ಬುಡದ ಸುತ್ತ ಹೊಸ ಎಲೆಗಳ ಗುಂಪು, ಮುಂದಿನ ವರ್ಷದ ಮೊಳಕೆ, ಇವು ತಯಾರಾಗಿರಬೇಕು. ತಳಿಗಾರರು ಈ ಹೈಬ್ರಿಡ್‌ಗಳನ್ನು ಹೆಚ್ಚು ಹೂವಿಗಾಗಿಯೇ ಆರಿಸಿ ಆರಿಸಿ ಬೆಳೆಸಿದ್ದಾರೆ. ಹಾಗೇ ಬಿಟ್ಟರೆ ಗಿಡ ಇದ್ದ ಶಕ್ತಿಯನ್ನೆಲ್ಲ ಹೂವಿಗೇ ಹಾಕುತ್ತದೆ. ಬುಡ ಬಡವಾಗಿ ಚಳಿಗೆ ಕಾಲಿಡುತ್ತದೆ. ಚಿವುಟಿದರೆ ಅದೇ ಶಕ್ತಿ ಕೆಳಗಿಳಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಬುಡ ಸರಿಸಿ ನೋಡಿ. ಚಿವುಟಿದ ಗಿಡದಲ್ಲಿ ಐದಾರು ಎಲೆ ಗುಂಪು ಇರುತ್ತದೆ, ಚಿವುಟದ್ದರಲ್ಲಿ ಒಂದೋ ಎರಡೋ.

ಮನಸ್ಸು ಒಪ್ಪುವುದಿಲ್ಲ, ನಿಜ. ಅಷ್ಟು ಬೆಲೆ ಕೊಟ್ಟು ತಂದ ಗಿಡದ ಮೊಗ್ಗು ಚಿವುಟುವಾಗ ಅಮ್ಮ "ಪಾಪ, ಬಿಡಬಾರದಾ?" ಎಂದು ಎರಡು ಮೂರು ಸಲ ಹೇಳಿದ್ದರು. ಮರುವರ್ಷ ಅದೇ ಗಿಡದಲ್ಲಿ ಹದಿನೆಂಟು ಹೂವು ಒಟ್ಟಿಗೆ ಅರಳಿದಾಗ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅವರೇ ಎಣಿಸಿದರು.

ನೀರಿನ ಲೆಕ್ಕ ಸುಲಭ. ಮೊದಲ ಮೂರು ವಾರ ಎರಡು ದಿನಕ್ಕೊಮ್ಮೆ. ಆಮೇಲೆ ಮಳೆಯೂ ಸೇರಿ ವಾರಕ್ಕೆ ಒಂದು ಇಂಚು. ಮೇಲೆ ಮೇಲೆ ಚಿಮುಕಿಸದೆ, ಒಮ್ಮೆಗೇ ಬುಡಕ್ಕೆ ಆಳವಾಗಿ ಹಾಕಿ. ಎರಡನೇ ವರ್ಷದಿಂದ ತುಂಬಾ ಬರ ಬಿದ್ದಾಗ ಮಾತ್ರ ಹಾಕಿದರೆ ಸಾಕು.

ಮೊಲ, ಹುಳ, ರೋಗ

ಮೊಲಗಳಿಗೆ ಎಳೆ ಚಿಗುರು ಎಂದರೆ ಪ್ರಾಣ. ಏಪ್ರಿಲ್‌ನಲ್ಲಿ ಒಂದೇ ರಾತ್ರಿಗೆ ನೆಲದ ಮಟ್ಟಕ್ಕೆ ತಿಂದುಬಿಡುತ್ತವೆ. ಮೊದಲೆರಡು ವರ್ಷ ಸುತ್ತ ಎರಡಡಿ ಎತ್ತರದ ಸಣ್ಣ ಕಣ್ಣಿನ ತಂತಿ ಬಲೆ ಹಾಕಿ. ಬಲೆಯ ಕೆಳ ಅಂಚು ಮಣ್ಣಿನೊಳಗೆ ಹೋಗಲಿ.

ಜುಲೈ ಹೊತ್ತಿಗೆ ಜಪಾನ್ ಜೀರುಂಡೆ ಬರುತ್ತದೆ. ಹಸಿರು ತಲೆ, ತಾಮ್ರದ ಬಣ್ಣದ ಬೆನ್ನು. ಎಸಳು ಕಡಿದು ಹಾಕುತ್ತದೆ. ಬೆಳಗಿನ ತಂಪಿನಲ್ಲಿ ಅವು ಜಡವಾಗಿರುತ್ತವೆ. ಸೋಪಿನ ನೀರಿನ ಡಬ್ಬ ಕೆಳಗೆ ಹಿಡಿದು ಹೂವು ತಟ್ಟಿ, ಸುಮ್ನೆ ಉದುರುತ್ತವೆ. ಅಂಗಡಿಯಲ್ಲಿ ಸಿಗುವ ವಾಸನೆಯ ಬಲೆ ಹಾಕಬೇಡಿ. ಅದು ಬೀದಿಯ ಜೀರುಂಡೆಗಳನ್ನೆಲ್ಲ ನಿಮ್ಮ ಮನೆಗೆ ಕರೆಯುತ್ತದೆ.

ಒಂದು ಬೆಳಿಗ್ಗೆ ಹೂವಿನ ತಲೆ ಕಾಂಡದಿಂದ ಮುರಿದು ನೇತಾಡುತ್ತಿರಬಹುದು. ತಲೆಗಿಂತ ಒಂದು ಇಂಚು ಕೆಳಗೆ ಬ್ಲೇಡಿನಿಂದ ಸುತ್ತ ಕೊಯ್ದ ಹಾಗೆ. ಮಕ್ಕಳು ಮುರಿದರು ಎಂದು ಬೈಯಬೇಡಿ. ಅದು ಸೂರ್ಯಕಾಂತಿಯ ತಲೆ ಕತ್ತರಿಸುವ ಒಂದು ಸೊಂಡಿಲು ಕೀಟದ ಕೆಲಸ. ಆ ತಲೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಆಮೇಲೆ ಮಣ್ಣಿಗೆ ಇಳಿಯುತ್ತದೆ. ನೇತಾಡುವ ಮತ್ತು ಕೆಳಗೆ ಬಿದ್ದ ತಲೆಗಳನ್ನೆಲ್ಲ ಆರಿಸಿ ಸೋಪಿನ ನೀರಿಗೆ ಹಾಕಿ. ಔಷಧ ಹೊಡೆಯುವ ಅಗತ್ಯ ಇಲ್ಲ, ಹೊಡೆದರೆ ದುಂಬಿಗಳೂ ಸಾಯುತ್ತವೆ.

ನಿಜವಾಗಿ ಹೆದರಬೇಕಾದದ್ದು ಒಂದೇ, ಆಸ್ಟರ್ ಯೆಲ್ಲೋಸ್ ಎಂಬ ರೋಗ. ಎಸಳು ಹಸಿರಾಗುತ್ತದೆ. ಕೋನ್‌ನಿಂದ ಎಲೆಗಳೋ ಪುಟ್ಟ ಪುಟ್ಟ ಹೂವುಗಳೋ ಹೊರಡುತ್ತವೆ. ಗಿಡ ಹಳದಿ ತಿರುಗಿ, ಮುರುಟಿ, ಪೊರಕೆಯಂತೆ ಸಣ್ಣ ಕಾಂಡಗಳನ್ನು ಬಿಡುತ್ತದೆ. ಜಿಗಿಹುಳ ಒಂದು ಗಿಡದ ರಸ ಹೀರಿ ಇನ್ನೊಂದಕ್ಕೆ ಹೋದಾಗ ಇದು ಹರಡುತ್ತದೆ. ಔಷಧ ಇಲ್ಲ. ಗಿಡವನ್ನು ಬೇರು ಸಮೇತ ಕಿತ್ತು, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಉಳಿಸಿಕೊಂಡರೆ ಪಕ್ಕದ ಚೆಂಡು ಹೂವು, ಸೇವಂತಿಗೆ, ಹಿತ್ತಲ ಕ್ಯಾರೆಟ್‌ಗೂ ತಗಲುತ್ತದೆ. ಮಣ್ಣಿನಲ್ಲಿ ಉಳಿಯುವುದಿಲ್ಲ, ಹಾಗಾಗಿ ಅದೇ ಜಾಗದಲ್ಲಿ ಮತ್ತೆ ನೆಡಬಹುದು. ಸುತ್ತಲಿನ ದಂಡೇಲಿಯನ್‌ನಂಥ ಕಳೆಗಳಲ್ಲೂ ಈ ರೋಗ ಅಡಗಿರುತ್ತದೆ, ಅವನ್ನೂ ಕೀಳಿ.

ಕಿತ್ತು ಹಾಕುವ ಮೊದಲು ಒಂದು ನಿಮಿಷ ಸರಿಯಾಗಿ ನೋಡಿ. ಕಣ್ಣಿಗೆ ಕಾಣದ ಒಂದು ನುಸಿಯೂ ಕೋನ್ ಮೇಲೆ ವಿಕಾರವಾದ ಜುಟ್ಟು ಎಬ್ಬಿಸುತ್ತದೆ. ನುಸಿಯಾದರೆ ತೊಂದರೆ ಹೂವಿನ ತಲೆಯಲ್ಲಿ ಮಾತ್ರ. ಎಲೆ, ಕಾಂಡ ಚೆನ್ನಾಗಿರುತ್ತವೆ, ಗಿಡ ಹಸಿರಾಗಿಯೇ ಇರುತ್ತದೆ. ಆಗ ಆ ತಲೆಗಳನ್ನಷ್ಟೇ ಕತ್ತರಿಸಿ ಕಸಕ್ಕೆ ಹಾಕಿದರೆ ಮುಗಿಯಿತು. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಗಿಡ ಕಿತ್ತವರನ್ನು ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹೂವು ಮುಗಿದ ಮೇಲೆ, ಚಳಿ ಮುಗಿಯುವ ತನಕ

ಎರಡನೇ ವರ್ಷದಿಂದ ಹೂವು ಜೂನ್ ಕೊನೆಯಲ್ಲಿ ಶುರುವಾಗುತ್ತದೆ. ಬಾಡಿದ ಹೂವನ್ನು ಕೆಳಗಿನ ಎಲೆ ಗೆಣ್ಣಿನ ತನಕ ಕತ್ತರಿಸಿದರೆ ಪಕ್ಕದ ಮೊಗ್ಗು ಬೇಗ ಬರುತ್ತದೆ. ಆಗಸ್ಟ್ ನಡುವಿನ ತನಕ ಹಾಗೆ ಮಾಡಿ, ಆಮೇಲೆ ಕೈಬಿಡಿ. ಒಣಗಿದ ಕೋನ್‌ಗಳಿಗೆ ಗೋಲ್ಡ್‌ಫಿಂಚ್ ಎಂಬ ಹಳದಿ ಹಕ್ಕಿ ಬರುತ್ತದೆ. ಕೋನ್ ಮೇಲೆ ಕೂತು ಬೀಜ ಒಂದೊಂದೇ ಕಿತ್ತು ತಿನ್ನುತ್ತದೆ. ಅಡುಗೆಮನೆ ಕಿಟಕಿಯಿಂದ ಕಾಣುವ ಹಾಗೆ ಒಂದು ಗಿಡ ಹಾಕಿಕೊಳ್ಳಿ, ನಿಮಗೇ ಇಷ್ಟವಾಗುತ್ತದೆ.

ಶರತ್ಕಾಲದಲ್ಲಿ ಗಿಡ ಕತ್ತರಿಸಬೇಡಿ, ಒಣ ಕಾಂಡ ಹಾಗೇ ನಿಲ್ಲಲಿ. ರೋಗ ಅಥವಾ ನುಸಿ ಕಂಡ ಗಿಡ ಮಾತ್ರ ಇದಕ್ಕೆ ಹೊರತು. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಹೊಸ ಗಿಡಗಳ ಮೇಲೆ ಒಣ ಎಲೆಯನ್ನು ಹಗುರವಾಗಿ ಹರಡಿ. ಇದು ಬೆಚ್ಚಗಿಡಲು ಅಲ್ಲ, ನೆಲವನ್ನು ಒಂದೇ ಸಮ ತಣ್ಣಗಿಡಲು. ಹೆಪ್ಪುಗಟ್ಟುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು ನಡೆದಾಗ ಹೊಸ ಗಿಡವನ್ನು ಮಣ್ಣೇ ಮೇಲಕ್ಕೆ ತಳ್ಳಿಬಿಡುತ್ತದೆ. ಮಾರ್ಚ್‌ನಲ್ಲಿ ಒಮ್ಮೆ ಸುತ್ತಾಡಿ. ಬುಡ ಮೇಲೆದ್ದಿದ್ದರೆ ಅಂಗೈಯಿಂದ ಮೆಲ್ಲಗೆ ಒತ್ತಿ ಕೂರಿಸಿ.

ಏಪ್ರಿಲ್‌ನಲ್ಲಿ ಹಳೆ ಕಾಂಡ ಕತ್ತರಿಸಿ. ಒಂದಡಿ ಬಿಟ್ಟು ಕತ್ತರಿಸಿದರೆ ಆ ಕಾಂಡದೊಳಗೆ ಪುಟ್ಟ ಕಾಡು ಜೇನ್ನೊಣಗಳು ಗೂಡು ಮಾಡಬಹುದು. ಹೊಸ ಎಲೆ ಬಂದರೆ ಆ ಮೋಟು ಕಾಣುವುದಿಲ್ಲ. ಕೋನ್‌ಫ್ಲವರ್ ತಡವಾಗಿ ಏಳುತ್ತದೆ. ಪಕ್ಕದ ಡೇ ಲಿಲ್ಲಿ ಒಂದಡಿ ಬಂದಿರುವಾಗಲೂ ಇದರ ಸುಳಿವಿರುವುದಿಲ್ಲ. ಮೇ ನಡುವಿನ ತನಕ ಕಾಯಿರಿ, ಗುದ್ದಲಿ ಹಾಕಬೇಡಿ. ಎಲ್ಲಿ ನೆಟ್ಟಿದ್ದೀರಿ ಎಂದು ಒಂದು ಕಡ್ಡಿ ಚುಚ್ಚಿಟ್ಟರೆ ಕಳೆ ಕೀಳುವಾಗ ಮೊಳಕೆ ಉಳಿಯುತ್ತದೆ.

ಬೀಜ ಮತ್ತು ಕುಂಡ

ಹೈಬ್ರಿಡ್ ಗಿಡದ ಬೀಜ ಬಿದ್ದು ಹುಟ್ಟುವ ಸಸಿ ತಾಯಿಯ ಹಾಗೆ ಬರುವುದಿಲ್ಲ. ನನ್ನ ಪಾತಿಯಲ್ಲಿ ಹಾಗೆ ಹುಟ್ಟಿದವುಗಳಲ್ಲಿ ಹೆಚ್ಚಿನವು ಗುಲಾಬಿ. ಬೇಕಾದರೆ ಉಳಿಸಿಕೊಳ್ಳಿ, ಬೇಡವಾದರೆ ಎಳೆಯದರಲ್ಲೇ ಕೀಳಿ. ಬಿಟ್ಟರೆ ಎತ್ತರದ ಗುಲಾಬಿ ಗಿಡ ನಿಮ್ಮ ಗಿಡ್ಡ ಕಿತ್ತಳೆಯನ್ನು ಮುಚ್ಚಿ, ಬಣ್ಣವೇ ಬದಲಾಯಿತು ಅನ್ನಿಸುತ್ತದೆ. ಬಣ್ಣದ ತಳಿಗಳಲ್ಲಿ ಹಲವಕ್ಕೆ ಪೇಟೆಂಟ್ ಇದೆ. ಅವನ್ನು ಬುಡ ಒಡೆದು ಹೊಸ ಗಿಡ ಮಾಡಲು ಅನುಮತಿ ಬೇಕು, ಚೀಟಿ ಓದಿ.

ಷಯೆನ್ ಸ್ಪಿರಿಟ್, ಪೌವೌ ಬೀಜಗಳನ್ನು ಫೆಬ್ರವರಿ ಕೊನೆಯಲ್ಲಿ ಮನೆಯೊಳಗೆ ಬಿತ್ತಿದರೆ ಅದೇ ಬೇಸಿಗೆಯಲ್ಲೇ ಹೂವು ಬರಬಹುದು. ಕಾಲು ಇಂಚು ಮಣ್ಣು ಮುಚ್ಚಿ, ಬೆಳಕಿನ ಕೆಳಗಿಡಿ.

ಬಾಲ್ಕನಿಯಲ್ಲಿ ಬೆಳೆಸುವವರು 14 ಇಂಚಿನ, ತಳದಲ್ಲಿ ದೊಡ್ಡ ತೂತಿರುವ ಕುಂಡ ತನ್ನಿ. ನೆಲದಲ್ಲಿರುವ ಬೇರಿಗಿಂತ ಕುಂಡದ ಬೇರಿಗೆ ಚಳಿ ಜಾಸ್ತಿ ತಟ್ಟುತ್ತದೆ. ನವೆಂಬರ್ ಕೊನೆಗೆ ಹೀಟರ್ ಇಲ್ಲದ ಗ್ಯಾರೇಜ್‌ಗೆ ಸೇರಿಸಿ, ತಿಂಗಳಿಗೊಮ್ಮೆ ಒಂದು ಲೋಟ ನೀರು ಕೊಡಿ. ಬೆಚ್ಚಗಿನ ಮನೆಯೊಳಗೆ ತರಬೇಡಿ, ಅದಕ್ಕೆ ಚಳಿಗಾಲದ ನಿದ್ದೆ ಬೇಕು.

ಹಬ್ಬಕ್ಕೆ ಕೊಯ್ಯುವಾಗ

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಕೊಯ್ಯಿರಿ, ಬಿಸಿಲೇರುವ ಮುಂಚೆ. ಎಸಳು ಪೂರ್ತಿ ಬಿಚ್ಚಿರಬೇಕು, ಕೋನ್ ಗಟ್ಟಿಯಾಗಿರಬೇಕು. ಅರೆಬಿರಿದ ಮೊಗ್ಗು ಕೊಯ್ದರೆ ಹೂದಾನಿಯಲ್ಲಿ ಅರಳುವುದಿಲ್ಲ, ಹಾಗೇ ಬಾಡುತ್ತದೆ. ಕೊಯ್ದ ಕೂಡಲೇ ಬಕೆಟ್ ನೀರಿಗೆ ಹಾಕಿ, ಕೆಳಗಿನ ಎಲೆಗಳನ್ನು ಕಿತ್ತು, ಕೆಲವು ಗಂಟೆ ನೆರಳಿನಲ್ಲಿಡಿ. ನೀರು ಬದಲಾಯಿಸುತ್ತಿದ್ದರೆ ಸುಮಾರು ಒಂದು ವಾರ ಇರುತ್ತದೆ.

ಹಾರಕ್ಕೆ ಇದು ಭಾರ, ಕೋನ್ ಕೂಡ ಬೆರಳಿಗೆ ಚುಚ್ಚುತ್ತದೆ. ಅಮ್ಮ ಒಂದು ಸಲ ಕಟ್ಟಲು ನೋಡಿ ಬಿಟ್ಟರು. ತೊಟ್ಟು ಅರ್ಧ ಇಂಚು ಬಿಟ್ಟು ಕತ್ತರಿಸಿ ಉರುಳಿಯ ನೀರಿನಲ್ಲಿ ತೇಲಿಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಕಳಶದ ಎರಡೂ ಕಡೆ ಚೊಂಬಿನಲ್ಲಿ ಕಿತ್ತಳೆ, ಹಳದಿ ಸೇರಿಸಿ ನಿಲ್ಲಿಸಬಹುದು. ಪ್ರತಿ ಗಿಡದಲ್ಲೂ ನಾಲ್ಕೈದು ಹೂವು ಕೊಯ್ಯದೆ ಬಿಡಿ, ಸೆಪ್ಟೆಂಬರ್‌ನಲ್ಲಿ ಬರುವ ಹಳದಿ ಹಕ್ಕಿಗಳಿಗೆ ಅವೇ ಊಟ.